ಗೋಡೆ, ಚಾವಣಿಗೆ ಹಿಡಿದ ಬೂಷ್ಟು ತೆಗೆಯುವುದು ಹೇಗೆ?

ಕಪ್ಪು ಚುಕ್ಕೆ ಕಂಡ ಕೂಡಲೇ ಒಣ ಬ್ರಷ್ ಹಿಡಿದು ಉಜ್ಜಬೇಡಿ. ಒಣ ಬೂಷ್ಟನ್ನು ಕೆರೆದರೆ ಅದರ ಕಣಗಳು ಹಾರಿ ಮನೆಯೆಲ್ಲ ಹರಡುತ್ತವೆ. ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು ಕಿಟಕಿ ತೆರೆದಿಡಿ.

ಪೇಂಟ್ ಮಾಡಿದ ಗೋಡೆಗೆ ಮೊದಲು ಬಿಳಿ ವಿನೆಗರ್ ಬಳಸಿ ನೋಡಿ. ನೀರು ಬೆರೆಸದೆ ಸಿಂಪಡಿಸಿ, 1 ಗಂಟೆ ಬಿಟ್ಟು, ಮೆದು ಬ್ರಷ್‌ನಿಂದ ಉಜ್ಜಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಸುಣ್ಣದ ಗೋಡೆ, ಅಮೃತಶಿಲೆಗೆ ಮಾತ್ರ ಇದು ಬೇಡ. ಆಮ್ಲ ಅವನ್ನು ತಿನ್ನುತ್ತದೆ. ಅಲ್ಲಿ 3% ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ 10 ನಿಮಿಷ ಬಿಡಿ. ಬಣ್ಣ ಮಾಸಬಹುದು, ಮೂಲೆಯಲ್ಲಿ ಮೊದಲು ಪರೀಕ್ಷಿಸಿ.

ಬ್ಲೀಚ್ ಟೈಲ್ಸ್, ಗಾಜಿಗೆ ಸರಿ: 4 ಲೀಟರ್ ನೀರಿಗೆ ಹೆಚ್ಚೆಂದರೆ 250 ಮಿಲಿ. ಗಾರೆಯ ಗೋಡೆಯಲ್ಲಿ ಕಲೆ ಬೆಳ್ಳಗಾಗುತ್ತದೆ, ಆದರೆ ಒಳಗಿನ ಬೇರು ಉಳಿದು ಮತ್ತೆ ಚಿಗುರುತ್ತದೆ. ಬ್ಲೀಚ್ ಜೊತೆ ವಿನೆಗರ್ ಅಥವಾ ಅಮೋನಿಯಾ ಇರುವ ಕ್ಲೀನರ್ ಎಂದೂ ಬೆರೆಸಬೇಡಿ. ಹೊರಡುವ ವಿಷಾನಿಲ ಪ್ರಾಣಕ್ಕೇ ಅಪಾಯ.

ಚಾವಣಿಗೆ ಸ್ಪ್ರೇ ಮಾಡಿದರೆ ಹನಿಗಳು ಮುಖಕ್ಕೇ ಬೀಳುತ್ತವೆ. ಸ್ಪಂಜನ್ನು ದ್ರಾವಣದಲ್ಲಿ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಒತ್ತಿ ಒತ್ತಿ ಹಚ್ಚಿ. ಜಿಪ್ಸಮ್ ಹಲಗೆ ಬೆರಳಿಗೆ ಮೆತ್ತಗೆ ಸಿಕ್ಕರೆ ಆ ಭಾಗವನ್ನು ಕತ್ತರಿಸಿ ಬದಲಿಸುವುದೇ ದಾರಿ.

ಕೊನೆಗೆ ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಬೂಷ್ಟಿನ ಮೇಲೆಯೇ ಪೇಂಟ್ ಬಳಿದರೆ ಅದು ಸಿಪ್ಪೆಯಂತೆ ಎದ್ದು ಬರುತ್ತದೆ. ನೀರು ಸೋರುವ ಜಾಗ ಮುಚ್ಚಿ, ತೇವಾಂಶ 60%ಕ್ಕಿಂತ ಕೆಳಗಿರಲಿ. ಬೂಷ್ಟು 1 ಚದರ ಮೀಟರ್ ಮೀರಿದ್ದರೆ ಪರಿಣತರನ್ನು ಕರೆಸಿ.