ಕೊನೆಗೂ ರಾಗಿ ಬೇಗಲ್ ಉಬ್ಬಿತು

ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷ, ವಾರಕ್ಕೆ ನಾಲ್ಕು ದಿನ ಬೆಳಗಿನ ತಿಂಡಿ ಬೇಗಲ್, ಅಂದರೆ ಕುದಿಯುವ ನೀರಿಗೆ ಬಿಟ್ಟು ತೆಗೆದು ಆಮೇಲೆ ಓವನ್ನಿನಲ್ಲಿ ಬೇಯಿಸುವ ಬಳೆಯಾಕಾರದ ಬ್ರೆಡ್. ಹೋದ ವರ್ಷ ಶುಗರ್ ಗಡಿ ದಾಟಿದೆ ಅಂತ ಡಾಕ್ಟರ್ ಹೇಳಿದ ದಿನ ಅಂಗಡಿಯ ಬೇಗಲ್ಲನ್ನು ತಕ್ಕಡಿಗೆ ಇಟ್ಟೆ. 140 ಗ್ರಾಂ! ಪ್ಯಾಕೆಟ್ ಮೇಲೆ ಬರೆಯುವ 270-280 ಕ್ಯಾಲೊರಿ ಸುಮಾರು 100 ಗ್ರಾಮಿನದು. ಇದು 385ರ ಹತ್ತಿರ ಹೋಗುತ್ತದೆ, ಅದರ ಮೇಲೆ ಅವರು ಮೆತ್ತಿದ ಕ್ರೀಮ್ ಚೀಸೇ 70 ಗ್ರಾಂ ಇತ್ತು, ಅದಕ್ಕೆ ಇನ್ನೊಂದು 240. ನಾರು ಮಾತ್ರ ಮೂರು ಗ್ರಾಂ ಇದ್ದರೆ ಹೆಚ್ಚು.

ರಾಗಿ ಬೆರೆಸುತ್ತೇನೆ ಅಂದಾಗ "ಅದರಲ್ಲಿ ಗ್ಲೂಟನ್ನೇ ಇಲ್ಲ, ಹೇಗೆ ಉಬ್ಬುತ್ತೆ ಮಾರಾಯ" ಅಂದರು ಗೆಳೆಯರು. ಗ್ಲೂಟನ್ ಅಂದರೆ ಹಿಟ್ಟಿಗೆ ಎಳೆತ ಕೊಟ್ಟು ಗಾಳಿ ಹಿಡಿದಿಡುವ, ಗೋಧಿಯಲ್ಲಿರುವ ಅಂಟು ಪ್ರೋಟೀನ್. ಆರು ಸಲ ಅವರ ಮಾತೇ ನಿಜವಾಯಿತು. ಒಣ ಹಿಟ್ಟನ್ನು ಅರ್ಧಕ್ಕರ್ಧ ಹಾಕಿದ್ದೆ, ಕುದಿಯುವ ನೀರಿಗೆ ಬಿಟ್ಟ ತಕ್ಷಣ ಸೀಳು. ಮೂರನೇ ಸಲದ್ದು ಮುಳುಗಿ ಮೇಲೇ ಬರಲಿಲ್ಲ. ಅಗ್ಗ ಅಂತ ತಂದ 22 ಕೆಜಿ ಹೈ-ಗ್ಲೂಟನ್ ಮೈದಾ ಮೂಟೆಗೆ ಬೇಸಿಗೆಯಲ್ಲಿ ಹುಳ ಬಿತ್ತು. ಎಲ್ಲ ಸೇರಿ ಅರವತ್ತು ಡಾಲರ್ ಕಸಕ್ಕೆ ಹೋಯಿತು, ಹೊಟ್ಟೆ ಉರಿಯಿತು.

ದಾರಿ ತೋರಿಸಿದ್ದು ಅಮ್ಮ. "ಹಸಿ ಹಿಟ್ಟು ಯಾಕೆ ಹಾಕ್ತೀಯಾ, ಬೇಯಿಸಿ ಹಾಕು" ಅಂದರು ಫೋನಲ್ಲಿ. ಅಷ್ಟೇ! 100 ಗ್ರಾಂ ರಾಗಿಗೆ 200 ಗ್ರಾಂ ನೀರಿಟ್ಟು ಮುದ್ದೆ ಮಾಡಿ, ಪೂರ್ತಿ ಆರಿಸಿ, 200 ಹೈ-ಗ್ಲೂಟನ್ ಮೈದಾ, 150 ಗೋಧಿ ಹಿಟ್ಟು, 50 ವೈಟಲ್ ಗ್ಲೂಟನ್ (ಗೋಧಿಯಿಂದ ಬೇರ್ಪಡಿಸಿದ ಗ್ಲೂಟನ್ ಪುಡಿ) ಜೊತೆ ನಾದಿದೆ. ನೀರು ಇನ್ನೊಂದು ನೂರು ಹಿಡಿಯಿತು. ಉಪ್ಪು, ಯೀಸ್ಟ್ ಮಾಮೂಲಿ ಬೇಗಲ್ಲಿಗೆ ಹಾಕುವಷ್ಟೇ. ಎಂಟು ಉಂಡೆ, ರಾತ್ರಿಯಿಡೀ ಫ್ರಿಜ್. ಬೆಳಿಗ್ಗೆ ನೀರಿಗೆ ಬಿಟ್ಟರೆ ಎಂಟೂ ತೇಲಿದವು.

ಬೆಂದ ಮೇಲೆ ಒಂದು 90 ಗ್ರಾಂ. ನನ್ನ ಲೆಕ್ಕದಲ್ಲಿ 225 ಕ್ಯಾಲೊರಿ, 11 ಗ್ರಾಂ ಪ್ರೋಟೀನ್, 4 ಗ್ರಾಂ ನಾರು. ಅಂಗಡಿಯದರಲ್ಲಿ ಪ್ರೋಟೀನ್ 14 ಇರುತ್ತದೆ, ಆದರೆ ಅದು ಒಂದೂವರೆ ಪಟ್ಟು ದೊಡ್ಡದು ಅಲ್ವಾ. ಪ್ರೋಟೀನ್ ರಾಗಿಯಿಂದ ಬಂತು ಅಂತ ಮಾತ್ರ ಅಂದುಕೊಳ್ಳಬೇಡಿ, ರಾಗಿಯಲ್ಲಿ ಇರುವುದು ನೂರಕ್ಕೆ ಏಳು, ಆ ಕೆಲಸ ಗ್ಲೂಟನ್ನಿನದು. ಕ್ಯಾಲ್ಸಿಯಂ ಕೂಡ ಒಂದಕ್ಕೆ 60 ಮಿಲಿಗ್ರಾಂ ಸಿಕ್ಕಿದರೆ ಜಾಸ್ತಿ, ಹಾಲು ಬಿಡುವ ಹಾಗಿಲ್ಲ.

ಬೇಗಲ್ ಕುದಿಸುವ ನೀರಿಗೆ ಬಾರ್ಲಿ ಮಾಲ್ಟ್ (ಮೊಳಕೆ ಬಂದ ಬಾರ್ಲಿಯ ಸಿಹಿ ಪಾಕ) ಹಾಕುವುದು ರೂಢಿ, ನಡುವೆ ಅದರ ಬದಲು ಜೋನಿ ಬೆಲ್ಲ ಹಾಕಿ ನೋಡಿದೆ. ಬಣ್ಣ ಚೆನ್ನಾಗಿ ಬಂತು, ಆ ಮಾಲ್ಟ್ ವಾಸನೆ ಇಲ್ಲ. ಮೇಲೆ ಉದುರಿಸಿದ ಹುಚ್ಚೆಳ್ಳು 230 ಡಿಗ್ರಿಯಲ್ಲಿ ಸೀದು ಕಹಿಯಾಯಿತು. ಈಗ ನೀರಿಗೆ ಬೇರೆ ಒಂದು ಹಾಕುತ್ತೇನೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಒಂದಕ್ಕೆ ಬೀಳುವುದು ಅರವತ್ತು ಸೆಂಟ್, ಅಂಗಡಿಯಲ್ಲಿ ಎರಡು ಡಾಲರ್. ತಿಂದ ಎರಡು ಗಂಟೆಗೆ 190 ತೋರಿಸುತ್ತಿದ್ದ ಶುಗರ್ ಈಗ 145ರ ಆಸುಪಾಸು. ಗಾತ್ರ ಇಳಿದದ್ದೂ ಅದರಲ್ಲಿ ಸೇರಿದೆ, ಚೀಸ್ ಬಿಟ್ಟು ಕಟ್ಟಿದ ಮೊಸರಿಗೆ ಶೇಂಗಾ ಚಟ್ನಿಪುಡಿ ಕಲಸಿ ಹಚ್ಚುವುದೂ ಸೇರಿದೆ. ಉಬ್ಬಲ್ಲ ಅಂದಿದ್ದ ಗೆಳೆಯ ಹೋದ ಭಾನುವಾರ ಒಂದು ಡಜನ್ ಕಟ್ಟಿಸಿಕೊಂಡು ಹೋದ.