ನಮ್ಮ ಶಾಲೆಯಲ್ಲಿ ಐದನೇ ತರಗತಿಯ ಎಲ್ಲರೂ ನವೋದಯ ಬರೆಯುತ್ತಾರೆ

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಒಂದರಿಂದ ಎಂಟರವರೆಗೆ ತರಗತಿಗಳಿವೆ. ನಾನು ಇಲ್ಲಿಗೆ ವರ್ಗವಾಗಿ ಬಂದಾಗ ನವೋದಯಕ್ಕೆ, ಅಂದರೆ ಆರನೇ ತರಗತಿಯಿಂದ ಓದಿಸುವ ಕೇಂದ್ರ ಸರ್ಕಾರದ ವಸತಿ ಶಾಲೆಗೆ ನಡೆಯುವ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಪದ್ಧತಿ ಸುತ್ತಲಿನ ಊರುಗಳಲ್ಲಿ ಇದ್ದ ಹಾಗೆಯೇ ಇತ್ತು. ಐದನೇ ತರಗತಿಯಲ್ಲಿ ಯಾರು ಶಾಣ್ಯಾ, ಅಂದರೆ ಜಾಣರು, ಅನ್ನಿಸಿಕೊಂಡಿದ್ದಾರೋ ಅಂಥ ನಾಲ್ಕೈದು ಮಕ್ಕಳ ಹೆಸರನ್ನು ತರಗತಿ ಶಿಕ್ಷಕರು ಹೇಳುವುದು, ಅವರ ಅರ್ಜಿಯಷ್ಟೇ ಹೋಗುವುದು. ಉಳಿದವರಿಗೆ ಹಾಗೊಂದು ಪರೀಕ್ಷೆ ಇದೆ ಎನ್ನುವುದೇ ಗೊತ್ತಿರುತ್ತಿರಲಿಲ್ಲ.

ಈ ಶಾಣ್ಯಾ ಮಕ್ಕಳು ಯಾರೆಂದು ನೋಡುತ್ತಾ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಕ್ಷರ ದುಂಡಗಿರುವವರು, ಮಗ್ಗಿ ಗಟ್ಟಿಯಾಗಿ ಹೇಳುವವರು, ಎಲ್ಲಕ್ಕಿಂತ ಮುಖ್ಯವಾಗಿ ದಿನಾ ಶಾಲೆಗೆ ಬರುವವರು. ನಮ್ಮ ಊರಲ್ಲಿ ದಿನಾ ಶಾಲೆಗೆ ಬರುವುದೆಂದರೆ ಅಪ್ಪ ಅವ್ವ ಗುಳೆ ಹೋಗುವುದಿಲ್ಲ ಎಂದರ್ಥ. ಸುಗ್ಗಿ ಮುಗಿಯುತ್ತಿದ್ದಂತೆ ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವ ಮನೆಗಳ ಮಕ್ಕಳು ತಿಂಗಳುಗಟ್ಟಲೆ ಗೈರು. ಹಾಜರಿ ಇಲ್ಲದವರು ಯಾವ ಶಿಕ್ಷಕರ ಮನಸ್ಸಿನಲ್ಲೂ ಶಾಣ್ಯಾ ಆಗಿ ಉಳಿಯುವುದಿಲ್ಲ. ಹಾಗಾಗಿ ಪ್ರತಿಭಾವಂತರ ಪಟ್ಟಿ ಎಂದುಕೊಂಡು ನಾವು ಕಳಿಸುತ್ತಿದ್ದುದು ಬಹುಮಟ್ಟಿಗೆ ಊರು ಬಿಡದ ಮನೆಗಳ ಪಟ್ಟಿ.

ಅದಕ್ಕೇ ಪಟ್ಟಿ ಮಾಡುವುದನ್ನೇ ನಿಲ್ಲಿಸಿದೆ. ಐದನೇ ತರಗತಿಯಲ್ಲಿ ಹೆಸರಿರುವ, ವಯಸ್ಸಿನ ಮಿತಿಯೊಳಗೆ ಬರುವ ಎಲ್ಲರ ಅರ್ಜಿಯನ್ನೂ ಹಾಕುತ್ತೇನೆ. ಓದಲು ತಡವರಿಸುವವರದ್ದೂ ಹಾಕುತ್ತೇನೆ. ಶುಲ್ಕವಿಲ್ಲ, ಖರ್ಚಾಗುವುದು ನನ್ನ ಸಮಯ ಮಾತ್ರ.

ಇದು ನನ್ನೊಬ್ಬಳ ಹುಚ್ಚು ಎಂದು ಕೆಲವರು ನಕ್ಕಿದ್ದುಂಟು. ಅಮೆರಿಕದ ಸರ್ಕಾರಿ ಶಾಲೆಗಳಲ್ಲೂ ಇದೇ ಜಗಳ ನಡೆದಿದೆ ಎಂದು ಆಮೇಲೆ ಓದಿ ತಿಳಿಯಿತು. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಮೊದಲು ಶಿಕ್ಷಕರು ಅಥವಾ ಪೋಷಕರು ಹೆಸರು ಸೂಚಿಸಬೇಕಿತ್ತು. 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಪ್ರಾಥಮಿಕ ಪರೀಕ್ಷೆ ಕೊಟ್ಟರು. ಅದೂ ಮಾತಿಲ್ಲದ, ಬರೀ ಆಕೃತಿಗಳ ಪರೀಕ್ಷೆ. ಬಡವರ, ಕಪ್ಪು ಜನರ, ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳು ಮೊದಲಿಗಿಂತ ಬಹಳ ಹೆಚ್ಚು ಆಯ್ಕೆಯಾದರು. ಹಣದ ಅಡಚಣೆ ಬಂದು ಎಲ್ಲರಿಗೂ ಪರೀಕ್ಷೆ ಕೊಡುವುದನ್ನು ಕೈಬಿಟ್ಟಾಗ ಆ ಹೆಚ್ಚಳವೂ ಕರಗಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಮಕ್ಕಳು ಅವರೇ, ಜಾಣತನವೂ ಅದೇ. ಬದಲಾಗಿದ್ದು ಪರೀಕ್ಷೆಗೆ ಯಾರನ್ನು ಕೂರಿಸುತ್ತಾರೆ ಎನ್ನುವುದು.

ನವೋದಯದ ಪ್ರಶ್ನೆಪತ್ರಿಕೆಯಲ್ಲೂ ಅರ್ಧ ಭಾಗ ಆಕೃತಿಗಳದ್ದೇ. ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಮಾನಸಿಕ ಸಾಮರ್ಥ್ಯ 40 ಪ್ರಶ್ನೆ, ಅಂಕಗಣಿತ 20, ಭಾಷೆ 20. ಪ್ರತಿ ಪ್ರಶ್ನೆಗೆ 1.25 ಅಂಕ, ತಪ್ಪಿದರೆ ಕಳೆಯುವುದಿಲ್ಲ. ಆರನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ನಮ್ಮ ಜಿಲ್ಲೆಯದ್ದು ಕುಕನೂರಿನಲ್ಲಿದೆ. ಒಂದು ಮಗು ಜೀವಮಾನದಲ್ಲಿ ಒಂದೇ ಸಲ ಈ ಪರೀಕ್ಷೆ ಬರೆಯಬಹುದು. ಹತ್ತು ವರ್ಷದ ಮಗುವಿಗೆ ಒಂದೇ ಅವಕಾಶ ಎನ್ನುವುದು ನನಗೆ ಇವತ್ತಿಗೂ ಒಪ್ಪಿಗೆಯಾಗದ ನಿಯಮ. ಅವತ್ತು ಜ್ವರ ಬಂದರೆ ಮುಗಿಯಿತು.

ನಿಜವಾದ ಮೊದಲ ಸುತ್ತು ನಡೆಯುವುದು ಅರ್ಜಿ ತುಂಬುವಾಗ. ಗ್ರಾಮೀಣ ಕೋಟಾ ಬೇಕೆಂದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಗುಳೆ ಹೋದಲ್ಲಿ ಪಟ್ಟಣದ ಶಾಲೆಗೆ ಕೆಲವು ದಿನ ಹೆಸರು ಹಚ್ಚಿದ್ದರೂ ತೊಡಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು. ಹುಟ್ಟಿದ ತಾರೀಖಂತೂ ಕೇಳಲೇಬೇಡಿ, ಅರ್ಧ ತರಗತಿ ಜೂನ್ 1ರಂದೇ ಹುಟ್ಟಿದೆ. ಮಗುವನ್ನು ಸೇರಿಸಲು ಬಂದ ಅಜ್ಜಿ ‘ಆ ದೊಡ್ಡ ಮಳಿ ಬಂದಾಗ ಹುಟ್ಟ್ಯಾನ್ರಿ’ ಎಂದರೆ ಆಗಿನ ಗುರುಗಳು ಬರೆಯುತ್ತಿದ್ದುದು ಆ ಜೂನ್ 1ನ್ನೇ. ಐದಕ್ಕೆ ಬಂದ ಮೇಲೆ ಇದನ್ನು ಸರಿಪಡಿಸಲು ಹೊರಟರೆ ಅರ್ಜಿಯ ಕೊನೆಯ ದಿನ ದಾಟಿರುತ್ತದೆ. ನಾನು ಮಕ್ಕಳು ನಾಲ್ಕನೇ ತರಗತಿಯಲ್ಲಿದ್ದಾಗಲೇ ಆಧಾರ್, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಜನನ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಕ್ಷರ ತಪ್ಪಿದ್ದರೆ ಪಾಲಕರಿಗೆ ಹೇಳಿಬಿಡುತ್ತೇನೆ. ಈ ಕೆಲಸ ಬೇಸರದ್ದು, ಆದರೆ ಪಾಠದಷ್ಟೇ ಮಕ್ಕಳನ್ನು ಮುಂದೆ ತಂದಿದೆ.

ಇನ್ನು ತಯಾರಿ. ಮಾನಸಿಕ ಸಾಮರ್ಥ್ಯದಲ್ಲಿ ಹತ್ತು ಬಗೆ, ಬಗೆಗೆ ನಾಲ್ಕು ಪ್ರಶ್ನೆ: ಗುಂಪಿಗೆ ಸೇರದ ಆಕೃತಿ, ಕನ್ನಡಿಯ ಬಿಂಬ, ಅಡಗಿದ ಆಕೃತಿ, ತುಂಡುಗಳನ್ನು ಕೂಡಿಸಿ ಚೌಕ ಮಾಡುವುದು, ಹೀಗೆ. ಇವನ್ನು ಹುಟ್ಟುಬುದ್ಧಿ ಅಳೆಯುವ ಪ್ರಶ್ನೆಗಳು ಎನ್ನುತ್ತಾರೆ. ನನ್ನ ಅನುಭವದಲ್ಲಿ ಇವು ಮೊದಲು ಅಳೆಯುವುದು ಮಗು ಇಂಥದ್ದನ್ನು ಹಿಂದೆ ನೋಡಿದೆಯೋ ಇಲ್ಲವೋ ಎನ್ನುವುದನ್ನು. ಮೊದಲ ದಿನ ಹಳೆಯ ಪತ್ರಿಕೆ ಕೊಟ್ಟರೆ ಮಕ್ಕಳು ಚಿತ್ರಗಳನ್ನು ನೋಡಿ ಬಣ್ಣ ತುಂಬಬೇಕಾ ಎಂದು ಕೇಳುತ್ತಾರೆ. ವಾರ ಕಳೆದ ಮೇಲೆ ಅದೇ ಮಕ್ಕಳು ಜಗಳವಾಡುತ್ತಾ ಉತ್ತರ ಹೇಳುತ್ತಾರೆ. ಆ ನಡುವಿನ ವಾರದಲ್ಲಿ ಯಾರ ಬುದ್ಧಿಯೂ ಬೆಳೆದಿರುವುದಿಲ್ಲ.

ಆದ್ದರಿಂದ ಗೈಡ್ ಪುಸ್ತಕ ತೆರೆಯುವುದಕ್ಕೆ ಮುಂಚೆ ಕೈಯಲ್ಲಿ ಮಾಡಿಸುತ್ತೇನೆ. ಕಾಗದ ಮಡಚುವ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹಳೆಯ ಉತ್ತರ ಪತ್ರಿಕೆಗಳನ್ನು ಚೌಕಾಕಾರವಾಗಿ ಕತ್ತರಿಸಿ ಕೊಟ್ಟು, ಮುಖ್ಯಗುರುಗಳ ಮೇಜಿನ ಪಂಚಿಂಗ್ ಮಷಿನ್ ತರಿಸುತ್ತೇನೆ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮಡಚಿ ಒಂದು ತೂತು ಹೊಡೆಯಬೇಕು. ಬಿಚ್ಚುವ ಮೊದಲು ಪಾಟಿಯ ಮೇಲೆ ಚೌಕ ಬರೆದು ತೂತು ಎಲ್ಲೆಲ್ಲಿ ಬರುತ್ತವೆಂದು ಗುರುತು ಹಾಕಬೇಕು, ಆಮೇಲೆ ಬಿಚ್ಚಿ ತಾಳೆ ನೋಡಬೇಕು. ನಾಲ್ಕು ತೂತು ಎಂದು ಎಲ್ಲರೂ ಬೇಗ ಹೇಳುತ್ತಾರೆ. ಎಡವುವುದು ಎಲ್ಲಿ ಎನ್ನುವುದರಲ್ಲಿ. ಅದರಲ್ಲೂ ಮೂಲೆಯಿಂದ ಮೂಲೆಗೆ ಮಡಚಿದರೆ ಕೆಳಗಿನ ಅಂಚಿನ ತೂತು ಪಕ್ಕದ ಅಂಚಿಗೆ ಹೋಗಿ ಕೂರುತ್ತದೆ. ಇದನ್ನು ಹಲಗೆಯ ಮೇಲೆ ಚಿತ್ರ ಬರೆದು ಎಷ್ಟು ವಿವರಿಸಿದರೂ ತಲೆಗೆ ಹೋಗುವುದಿಲ್ಲ. ಕೈಯಲ್ಲಿ ಒಮ್ಮೆ ಬಿಚ್ಚಿದರೆ ಹೋಗುತ್ತದೆ.

ಒಂದು ವರ್ಷ ಈ ಆಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದವಳು ಕಾಗುಣಿತವೇ ಸರಿಯಾಗಿ ಬರದ ಒಬ್ಬ ಹುಡುಗಿ. ಅವಳ ಅಜ್ಜಿ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆಯ ತುಂಡನ್ನು ಮಡಚಿ ಕತ್ತರಿಸಿದರೆ ಬಿಚ್ಚಿದಾಗ ಯಾವ ಆಕಾರ ಬರುತ್ತದೆ ಎನ್ನುವುದು ಅವಳಿಗೆ ಮನೆಯ ಕೆಲಸ. ಹಳೆಯ ಪದ್ಧತಿ ಇದ್ದಿದ್ದರೆ ಅವಳ ಹೆಸರನ್ನು ಯಾರೂ ಬರೆಯುತ್ತಿರಲಿಲ್ಲ. ಅವಳು ಆಯ್ಕೆಯಾಗಲಿಲ್ಲ, ಭಾಷೆಯ ಭಾಗ ಕೈಕೊಟ್ಟಿತು. ಆದರೆ ಆ ವರ್ಷದಿಂದ ಗಣಿತದ ತರಗತಿಯಲ್ಲಿ ಅವಳು ಹಿಂದಿನ ಸಾಲಿನಲ್ಲಿ ಕೂರಲಿಲ್ಲ, ಇದನ್ನು ಯಾವ ಫಲಿತಾಂಶದ ಪಟ್ಟಿಯೂ ಹೇಳುವುದಿಲ್ಲ.

ಅಂಕಗಣಿತದಲ್ಲಿ ಲ.ಸಾ.ಅ., ಮ.ಸಾ.ಅ., ದಶಮಾಂಶ ಎಲ್ಲ ಅಭ್ಯಾಸದ ಮಾತು. ಒಂದು ಕಡೆ ಮಾತ್ರ ವಿಚಿತ್ರ ತೊಡಕು ಬರುತ್ತದೆ, ಸರಳಬಡ್ಡಿಯಲ್ಲಿ. ‘ಅಸಲು 2,000 ರೂಪಾಯಿ, ಬಡ್ಡಿ ದರ ಶೇ 3, ಅವಧಿ 2 ವರ್ಷ’ ಎಂದು ಕೊಟ್ಟರೆ ನನ್ನ ಮಕ್ಕಳು ಥಟ್ಟನೆ 1,440 ಎನ್ನುತ್ತಾರೆ. ಪುಸ್ತಕದ ಉತ್ತರ 120. ಅವರ ಲೆಕ್ಕ ತಪ್ಪಿಲ್ಲ. ಊರಲ್ಲಿ ನೂರಕ್ಕೆ ಮೂರು ಎಂದರೆ ತಿಂಗಳಿಗೆ ಮೂರು, ಎಲ್ಲ ಮನೆಯಲ್ಲೂ ಅದೇ ಮಾತು. ತಿಂಗಳಿಗೆ 60ರಂತೆ 24 ತಿಂಗಳು, 1,440. ಪರೀಕ್ಷೆಯ ಬಡ್ಡಿ ವರ್ಷದ್ದು, ಅದು ಬ್ಯಾಂಕಿನ ಭಾಷೆ ಎಂದು ಹೇಳಿದಾಗ ಒಬ್ಬ ಹುಡುಗ ಕೇಳಿದ, ‘ಅಕ್ಕೋರ, ಹಂಗಾರ ನಮ್ಮಪ್ಪ ಬ್ಯಾಂಕಿನ್ಯಾಗ ಯಾಕ ತಗೊಂಡಿಲ್ರಿ?’ ಅವತ್ತಿನ ಅವಧಿ ಪೂರ್ತಿ ಅದಕ್ಕೇ ಹೋಯಿತು.

ಭಾಷೆಯ ಭಾಗಕ್ಕೆ ನಾನು ಹೇಳುವುದು ಒಂದೇ: ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯಭಾಗ ಓದಿ. ‘ಯಾವುದು ಅಲ್ಲ’ ಎಂದು ಕೇಳಿದ್ದರೆ ಆ ‘ಅಲ್ಲ’ದ ಕೆಳಗೆ ಗೆರೆ ಎಳೆಯಿರಿ.

ಓಎಂಆರ್ ಹಾಳೆಗೆ, ಅಂದರೆ ಉತ್ತರದ ಗೋಲವನ್ನು ಪೆನ್ನಿನಲ್ಲಿ ತುಂಬುವ ಹಾಳೆಗೆ, ಬೇರೆಯೇ ಅಭ್ಯಾಸ ಬೇಕು. ಐದನೇ ತರಗತಿಯ ಮಗು ಅಲ್ಲಿಯವರೆಗೆ ಸೀಸಕಡ್ಡಿಯಲ್ಲಿ ಬರೆದು ರಬ್ಬರಿನಲ್ಲಿ ಅಳಿಸಿದ್ದು. ಈಗ ಬಾಲ್ ಪೆನ್, ಅಳಿಸುವಂತಿಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ ಮಗು ಹಾಳೆಯಲ್ಲಿ ಆ ಸಾಲು ಬಿಡದೆ ತುಂಬುತ್ತಾ ಹೋದರೆ ಅಲ್ಲಿಂದ ಮುಂದಿನದ್ದೆಲ್ಲ ತಪ್ಪು. ಅದಕ್ಕೆ ಜೆರಾಕ್ಸ್ ಹಾಳೆಗಳಲ್ಲಿ ವಾರಕ್ಕೊಮ್ಮೆ ಗೋಲ ತುಂಬಿಸುತ್ತೇನೆ. ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡು, ಹತ್ತು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆ ಮತ್ತು ಹಾಳೆಯ ಸಂಖ್ಯೆ ಒಂದೇ ಇದೆಯೇ ಎಂದು ನೋಡುವುದು ರೂಢಿಯಾಗಬೇಕು. ಕೊನೆಯ ಐದು ನಿಮಿಷ ಖಾಲಿ ಗೋಲಗಳಿಗೆ. ಅಂಕ ಕಳೆಯುವುದಿಲ್ಲವಾದ್ದರಿಂದ ಗೊತ್ತಿಲ್ಲದ್ದಕ್ಕೂ ಒಂದು ಗುರುತು ಹಾಕಿಯೇ ಏಳಬೇಕು. ಇದನ್ನು ಕಲಿಸುವಾಗ ಒಳಗೊಳಗೆ ಇರುಸುಮುರುಸಾಗುತ್ತದೆ, ತರಗತಿಯಲ್ಲಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ ಎಂದು ಹೇಳಿಕೊಡುವವಳೂ ನಾನೇ.

ಪೈಪೋಟಿ ಇರುವುದು ತಾಲ್ಲೂಕು ಕೇಂದ್ರದ ಕೋಚಿಂಗ್‌ಗಳ ಜೊತೆ. ಹೆಸರು ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ, ಮಗು ಪಟ್ಟಣದ ಕೋಚಿಂಗ್ ಹಾಸ್ಟೆಲಿನಲ್ಲಿ, ಇಂಥದ್ದನ್ನೂ ಕಂಡಿದ್ದೇನೆ. ವರ್ಷವಿಡೀ ಬೆಳಗಿನಿಂದ ರಾತ್ರಿಯವರೆಗೆ ಆಕೃತಿ ಬಿಡಿಸಿದ ಮಗು ಮತ್ತು ಸಂಜೆ ಒಂದು ತಾಸು ನನ್ನ ಬಳಿ ಕೂತ ಮಗು ಒಂದೇ ಪಟ್ಟಿಯಲ್ಲಿ ನಿಲ್ಲಬೇಕು. 1986ರ ಶಿಕ್ಷಣ ನೀತಿ ನವೋದಯವನ್ನು ಕಲ್ಪಿಸಿಕೊಂಡಿದ್ದು ಹಳ್ಳಿಯ ಬಡ ಪ್ರತಿಭೆಗಾಗಿ. ಗ್ರಾಮೀಣ ಕೋಟಾ ಪಟ್ಟಣದ ಮಕ್ಕಳನ್ನು ತಡೆಯುತ್ತದೆ, ಹಳ್ಳಿಯೊಳಗಿನ ಉಳ್ಳವರನ್ನು ತಡೆಯುವುದಿಲ್ಲ. ಹಾಗಿದ್ದೂ ಈ ಪರೀಕ್ಷೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಪರೀಕ್ಷೆ ತೆಗೆದರೆ ಆ ಜಾಗಕ್ಕೆ ಬರುವುದು ಶಿಫಾರಸು.

ನಮ್ಮಲ್ಲಿ ಕೆಲವು ವರ್ಷ ಒಬ್ಬರೂ ಆಯ್ಕೆಯಾಗಿಲ್ಲ, ಕೆಲವು ವರ್ಷ ಆಗಿದ್ದಾರೆ. ಆದ ಮೇಲೂ ತಾಯಂದಿರನ್ನು ಒಪ್ಪಿಸಬೇಕು. ‘ಹನ್ನೊಂದು ವರ್ಷದ ಕೂಸರೀ ಅಕ್ಕೋರ, ಒಬ್ಬಾಕೀನ ಹೆಂಗ ಬಿಡೂದು?’ ಎಂದು ಅಳುವ ಅವ್ವನ ಎದುರು ಪ್ರತಿಭೆಯ ಭಾಷಣ ನಡೆಯುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ ಎನ್ನುವುದನ್ನೂ ಮುಚ್ಚಿಡದೆ ಹೇಳುತ್ತೇನೆ. ಈಗಾಗಲೇ ಅಲ್ಲಿ ಓದುತ್ತಿರುವ ನಮ್ಮೂರ ಮಗುವಿನ ಮನೆಗೆ ಅವರನ್ನು ಕರೆದೊಯ್ದು ಕೂರಿಸಿ ನಾನು ಎದ್ದು ಬರುತ್ತೇನೆ. ಮುಂದಿನದ್ದು ಇಬ್ಬರು ಅವ್ವಂದಿರ ಮಾತು.

ಎಲ್ಲರನ್ನೂ ಕೂರಿಸಿದ್ದರ ಫಲ ಹೆಚ್ಚಾಗಿ ಸಿಗುವುದು ಎಂಟನೇ ತರಗತಿಯಲ್ಲಿ, ಎನ್‌ಎಂಎಂಎಸ್ ಪರೀಕ್ಷೆಗೆ. 2008ರಲ್ಲಿ ಶುರುವಾದ ಕೇಂದ್ರದ ವಿದ್ಯಾರ್ಥಿವೇತನ ಅದು. ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ, ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರಿರಬಾರದು, ಏಳರಲ್ಲಿ ಶೇ 55 ಅಂಕ ಇರಬೇಕು. ಎರಡು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ. ಮೊದಲನೆಯದು ಮತ್ತೆ ಮಾನಸಿಕ ಸಾಮರ್ಥ್ಯವೇ. ಐದರಲ್ಲಿ ಗೋಲ ತುಂಬಿ, ಕಾಗದ ಮಡಚಿ ಕಲಿತ ಮಕ್ಕಳಿಗೆ ಇದು ಹೊಸದಲ್ಲ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ, ಮನೆ ಬಿಡಬೇಕಾಗಿಲ್ಲ. ಎಂಟು ಮುಗಿಯುತ್ತಿದ್ದಂತೆ ಮದುವೆ ಮಾತು ಶುರುವಾಗುವ ಮನೆಗಳಲ್ಲಿ ಆ ಹಣ ಹುಡುಗಿಯ ಪರವಾಗಿ ಮಾತಾಡುತ್ತದೆ.

ಇಲ್ಲೂ ಪಾಸಾಗಿ ಹಣ ಸಿಗದವರಿದ್ದಾರೆ. ಪಾಸಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು, ಹೈಸ್ಕೂಲಿನವರು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಹತ್ತರಲ್ಲಿ ಶೇ 60 ಬರಬೇಕು, ಪರಿಶಿಷ್ಟರಿಗೆ ಶೇ 55. ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ನಮ್ಮ ಶಾಲೆ ಬಿಟ್ಟ ಮಗುವಿನ ಹೆಸರು ಯಾರ ಕೆಲಸದ ಪಟ್ಟಿಯಲ್ಲೂ ಇರುವುದಿಲ್ಲ. ಅದಕ್ಕೆ ನನ್ನ ಬಳಿ ಒಂದು ರಿಜಿಸ್ಟರ್ ಇದೆ: ಮಗುವಿನ ಹೆಸರು, ಈಗಿನ ಶಾಲೆ, ಅರ್ಜಿ ಸಂಖ್ಯೆ, ಹಣ ಜಮೆಯಾದ ತಾರೀಖು. ಪೋರ್ಟಲ್ ತೆರೆದ ಸುದ್ದಿ ಬಂದ ಕೂಡಲೇ ಅದನ್ನು ಹಿಡಿದು ಫೋನು ಮಾಡಲು ಕೂರುತ್ತೇನೆ. ಹೆಚ್ಚು ಕಾಡುವುದು ಓಟಿಪಿ. ಅದು ಹೋಗುವುದು ಅಪ್ಪನ ಮೊಬೈಲಿಗೆ, ಅಪ್ಪ ಇರುವುದು ಗೋವಾದಲ್ಲಿ, ಅಲ್ಲಿ ಹೋದ ಮೇಲೆ ಸಿಮ್ ಬದಲಿಸಿರುತ್ತಾನೆ. ಈಗ ಎಂಟನೇ ತರಗತಿಯಲ್ಲಿ ಅರ್ಜಿ ತುಂಬುವಾಗಲೇ ಊರು ಬಿಡದವರೊಬ್ಬರ ನಂಬರ್ ಕೊಡಿ ಎಂದು ಕೇಳುತ್ತೇನೆ. ಕಾಕಾ ಆಗಲಿ, ಹಿರಿಯ ಅಕ್ಕ ಆಗಲಿ, ನಡೆಯುತ್ತದೆ. ಆ ನಂಬರನ್ನು ನಾಲ್ಕು ವರ್ಷ ಬದಲಿಸಬೇಡಿ ಎಂದು ಅವರ ಕೈಯಿಂದಲೇ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ.