ಪ್ಲೇಟಿನಲ್ಲಿ ಮಾಯವಾಗುತ್ತಿದ್ದ ಅಡೆನೊಸಿನ್

ಪುಣೆಯ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಇಲ್ಲಿನ ಕನ್ನಡದ ಗೆಳೆಯರು ಸೇರಿದಾಗ "ಏನಪ್ಪಾ ನಿನ್ನ ರಿಸರ್ಚು?" ಎಂದು ಕೇಳಿದರೆ ಕೈಯಲ್ಲಿರುವ ಕಾಫಿ ಲೋಟ ತೋರಿಸುತ್ತೇನೆ. ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ತನ್ನ ಜಾಗದಲ್ಲಿ ಕೂತರೆ ನಿದ್ದೆ ಬರುತ್ತದೆ. ಕೆಫೀನ್ ಮೊದಲೇ ಹೋಗಿ ಆ ಜಾಗ ಹಿಡಿಯುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಅಂಥದ್ದೇ ಸೀಟು ಕ್ಯಾನ್ಸರ್ ಜೊತೆ ಹೋರಾಡುವ ನಮ್ಮ ಟಿ ಕೋಶಗಳ ಮೇಲೂ ಇದೆ. ಹೆಸರು ಎ2ಎ ರಿಸೆಪ್ಟರ್.

ಕ್ಯಾನ್ಸರ್ ಗೆಡ್ಡೆಯೊಳಗೆ ಸಾಯುವ ಕೋಶಗಳಿಂದ ಎಟಿಪಿ ಎಂಬ ಶಕ್ತಿಯ ಅಣು ಸೋರುತ್ತದೆ. ಸಿಡಿ39, ಸಿಡಿ73 ಎಂಬ ಕಿಣ್ವಗಳು ಅದನ್ನು ಕತ್ತರಿಸಿ ಅಡೆನೊಸಿನ್ ಮಾಡುತ್ತವೆ. ಅದು ಸೀಟಿನಲ್ಲಿ ಕೂತಿತೋ, ಟಿ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಏರುತ್ತದೆ. ಕೋಶ ಮಂಕಾಗುತ್ತದೆ. ಕ್ಯಾನ್ಸರ್ ಎದುರಿಗಿದ್ದರೂ ಸುಮ್ನೆ ಕೂರುತ್ತದೆ. ಎ2ಎ ಇಲ್ಲದ ಇಲಿಗಳ ಪೈಕಿ ಸುಮಾರು ಶೇ. 60ರಷ್ಟು ಇಲಿಗಳು ಗೆಡ್ಡೆಯನ್ನು ಹಿಮ್ಮೆಟ್ಟಿಸಿದವು ಎಂದು ವಿಜ್ಞಾನಿಗಳಾದ ಓಟಾ, ಸಿಟ್ಕೊವ್ಸ್ಕಿ ಅವರ ತಂಡ 2006ರಲ್ಲಿ ತೋರಿಸಿತು.

ಈ ಮಂಕು ಹಿಡಿಯುವುದನ್ನು ನನ್ನ ಪ್ಲೇಟಿನಲ್ಲೇ ನೋಡಬೇಕಿತ್ತು. ದಾನಿಯ ರಕ್ತದಿಂದ ಟಿ ಕೋಶ ಬೇರ್ಪಡಿಸಿದೆ. ಬೀಡ್ಸ್ ಹಾಕಿ ಕೆರಳಿಸಿದೆ. ಮೇಲೆ ಅಡೆನೊಸಿನ್ ಬಿಟ್ಟೆ. ಕೆರಳಿದ ಟಿ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನ್ ಬಿಡುತ್ತದೆ. ಮೂರು ದಿನ ಬಿಟ್ಟು ಅದನ್ನು ಅಳೆದರೆ ಒಂಚೂರೂ ಇಳಿದಿರಲಿಲ್ಲ. ಇಂಟರ್‌ಫೆರಾನ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಪ್ಲೇಟಿನ ಎಲ್ಲ ಬಾವಿಗಳಲ್ಲೂ (ಪುಟ್ಟ ಗುಳಿಗಳಲ್ಲೂ) ಅದೇ ಗಾಢ ಹಳದಿ. ಮೂರು ಸಲ ಮಾಡಿದೆ. ಬೀಡ್ಸ್ ಮೇಲೆ ಅನುಮಾನ, ಬಾಟಲಿ ಮೇಲೆ ಅನುಮಾನ, ಕೊನೆಗೆ ನನ್ನ ಕೈ ಮೇಲೇ ಅನುಮಾನ.

ಗೈಡ್ ಒಂದೇ ಮಾತು ಕೇಳಿದರು: "ಸೀರಮ್ ಹಾಕಿದ್ದೀಯಾ?"

ಕೋಶ ಸಾಕುವ ದ್ರವಕ್ಕೆ ಹಾಕಿದ್ದೆ, ಶೇ. 10. ಕರುವಿನ ಸೀರಮ್‌ನಲ್ಲಿ ಅಡೆನೊಸಿನ್ ಡಿಅಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಅಡೆನೊಸಿನ್ ಅನ್ನು ಇನೊಸಿನ್ ಮಾಡಿ ಮುಗಿಸುತ್ತದೆ. ನಮ್ಮ ರಕ್ತದಲ್ಲೂ ಅಡೆನೊಸಿನ್ ಬಾಳಿಕೆ ಕೆಲವೇ ಸೆಕೆಂಡು. ಎದೆಬಡಿತ ವಿಪರೀತ ಏರಿದಾಗ ಡಾಕ್ಟರು ಆ ಇಂಜೆಕ್ಷನ್ ಸರಕ್ಕನೆ ತಳ್ಳುವುದು ಅದಕ್ಕೇ. ನಾನೋ, ಒಂದು ಸಲ ಹಾಕಿ ಮೂರು ದಿನ ಕಾದಿದ್ದೆ! ಗೆಡ್ಡೆಯಲ್ಲಾದರೆ ಅದು ತಯಾರಾಗುತ್ತಲೇ ಇರುತ್ತದೆ, ಅಲ್ವಾ?

ಮುಂದಿನ ಸಲ ಅಡೆನೊಸಿನ್‌ನಂತೆಯೇ ಸೀಟಿನಲ್ಲಿ ಕೂರುವ, ಆದರೆ ಬೇಗ ಒಡೆಯದ ನೆಕಾ ಹಾಕಿದೆ. ಹಳದಿ ತೆಳುವಾಯಿತು. ನೆಕಾಗೆ ಅರ್ಧ ಗಂಟೆ ಮೊದಲು, ಕೆಫೀನಿನ ಹಾಗೆ ಸೀಟು ಹಿಡಿಯುವ ಝಡ್‌ಎಂ241385 ಎಂಬ ಮದ್ದು ಹಾಕಿದ ಬಾವಿಗಳಲ್ಲಿ ಬಣ್ಣ ವಾಪಸ್ ಬಂತು. ಬರೀ ಡಿಎಂಎಸ್‌ಒ ಹಾಕಿದ ಬಾವಿ ಇಡಲೇಬೇಕು. ಮದ್ದು ಕರಗುವುದು ಅದರಲ್ಲೇ, ಜಾಸ್ತಿಯಾದರೆ ಅದೇ ಕೋಶಗಳನ್ನು ಕಾಡುತ್ತದೆ. ಆ ಬಾವಿ ಇಲ್ಲದ ಗ್ರಾಫನ್ನು ನಾನಂತೂ ನಂಬುವುದಿಲ್ಲ.

ಕೆರಳಿಸದ ಕೋಶಗಳಿಗೆ ಝಡ್‌ಎಂ ಒಂದನ್ನೇ ಕೊಟ್ಟೆ. ಏನೂ ಆಗಲಿಲ್ಲ. ಅದು ಬ್ರೇಕ್ ಬಿಡಿಸುತ್ತದೆ ಅಷ್ಟೇ, ಗಾಡಿ ಓಡಿಸುವುದಿಲ್ಲ. ರೋಗಿಗಳ ಮೇಲಿನ ಪ್ರಯೋಗಗಳಲ್ಲೂ ಎ2ಎ ಸೀಟು ಹಿಡಿಯುವ ಸಿಫೊರಾಡೆನಂಟ್‌ನಂಥ ಮದ್ದನ್ನು, ಟಿ ಕೋಶಗಳ ಇನ್ನೊಂದು ಬ್ರೇಕ್ ಒತ್ತುವ ಪಿಡಿ-ಎಲ್1 ಅನ್ನು ತಡೆಯುವ ಅಟೆಜೊಲಿಜುಮ್ಯಾಬ್ ಜೊತೆ ಸೇರಿಸಿ ನೋಡಿದ್ದಾರೆ. ಕಿಡ್ನಿ ಕ್ಯಾನ್ಸರ್ ಇದ್ದ ಕೆಲವರಿಗೆ ಗೆಡ್ಡೆ ಕುಗ್ಗಿತು, ಹೆಚ್ಚಿನವರಿಗೆ ಇಲ್ಲ. ಇದೇ ಜಾತಿಯ ಇಸ್ಟ್ರಾಡೆಫಿಲಿನ್ ಪಾರ್ಕಿನ್ಸನ್‌ಗೆ ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆಯಿತು.

"ಹಂಗಾದ್ರೆ ಪೇಷಂಟಿಗೆ ಕಾಫಿ ಕುಡಿಸಿದ್ರಾಯ್ತಲ್ಲ?" ಎಂದು ಗೆಳೆಯನೊಬ್ಬ ಕೇಳಿದ. ಅದನ್ನೂ ಮಾಡಿ ನೋಡಿದೆ. ಒಂದು ಲೋಟದಿಂದ ರಕ್ತಕ್ಕೆ ಸೇರುವಷ್ಟು ಕೆಫೀನ್ ನೆಕಾವನ್ನು ಅಲ್ಲಾಡಿಸಲೂ ಇಲ್ಲ. ಅದರ ನೂರು ಪಟ್ಟು ಹಾಕಿದೆ. ಇಂಟರ್‌ಫೆರಾನ್ ಇನ್ನಷ್ಟು ಬಿತ್ತು! ಅಷ್ಟಾದರೆ ಕೆಫೀನ್ ಸೈಕ್ಲಿಕ್ ಎಎಂಪಿಯನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ, ಆ ಎಎಂಪಿ ಏರಿ ಕೋಶ ಮತ್ತೆ ಮಂಕಾಗುತ್ತದೆ. ಆ ಗ್ರಾಫ್ ಈಗ ನನ್ನ ಫೋನಿನಲ್ಲೇ ಇದೆ. ಕೇಳಿದವರಿಗೆ ತೋರಿಸಿ ಕಾಫಿ ಮುಗಿಸುತ್ತೇನೆ.